ಐದರ ಮೋಹ, ಒಂದರ ಹಮ್ಮು

ಹಳೆಯ ಫೋರ್ಡ್ ಮಸ್ಟಾಂಗ್ ಕೊಳ್ಳಲು ಹೊರಟವರಿಗೆ ಅಮೆರಿಕದ ಬಲ್ಲವರು ಮೊದಲು ಹೇಳಿಕೊಡುವುದು ಬಾನೆಟ್ ಎತ್ತಿ ನೋಡುವುದನ್ನಲ್ಲ, ಮಂಡಿಯೂರಿ ಚಕ್ರದ ನಟ್ ಎಣಿಸುವುದನ್ನು. 1964ರಲ್ಲಿ ಬಂದ ಆ ಕಾರಿನ ಆರು ಸಿಲಿಂಡರಿನ ಮಾದರಿಗೆ ಚಕ್ರವೊಂದಕ್ಕೆ ನಾಲ್ಕು ನಟ್, ವಿ8 ಮಾದರಿಗೆ ಐದು. ಆರು ಸಿಲಿಂಡರಿನ ಬಡಪಾಯಿಯೊಳಗೆ ಯಾರಾದರೂ ವಿ8 ಎಂಜಿನ್ ಇಳಿಸಿ, ಬ್ಯಾಡ್ಜ್ ಅಂಟಿಸಿ, ಬೆಲೆ ಏರಿಸಿ ಮಾರಲು ನಿಂತಿದ್ದರೆ ಅವರು ಬದಲಿಸಲು ಮರೆಯುವುದು ಸಾಮಾನ್ಯವಾಗಿ ಚಕ್ರ ಕೂರುವ ಹಬ್ಬನ್ನೇ. ಎಂಜಿನ್ ಕೋಣೆ ಎಷ್ಟೇ ಫಳಫಳ ಹೊಳೆಯಲಿ, ನಾಲ್ಕು ನಟ್ ಕಂಡರೆ ಗಿರಾಕಿ ಎದ್ದು ಮಂಡಿಯ ಧೂಳು ಕೊಡವಿಕೊಳ್ಳುತ್ತಾನೆ.

ಮೋಸ ಪತ್ತೆಹಚ್ಚಲು ಇದು ಒಳ್ಳೆಯ ಉಪಾಯ. ಆದರೆ ಈ ಉಪಾಯದಿಂದ ಹುಟ್ಟಿದ ನಂಬಿಕೆ ಒಳ್ಳೆಯದಲ್ಲ. ನಾಲ್ಕೆಂದರೆ ಅಗ್ಗ, ಐದೆಂದರೆ ವೇಗ, ನಟ್ಟನಡುವೆ ಒಂದೇ ಇದ್ದರೆ ರೇಸ್ ಕಾರಿನ ರಕ್ತ – ಈ ಶ್ರೇಣಿ ಕಾರುಪ್ರೇಮಿಗಳ ತಲೆಯಲ್ಲಿ ಜಾತಿಪದ್ಧತಿಯಷ್ಟೇ ಗಟ್ಟಿಯಾಗಿ ಕೂತಿದೆ. ಕಾರು ಪತ್ರಿಕೆಗಳ ವಿಮರ್ಶಕರು ಇದನ್ನು ಪ್ರಶ್ನಿಸುವ ಬದಲು ಪೋಷಿಸಿದ್ದಾರೆ. ಐದು ನಟ್ಟಿನ ಕೀರ್ತಿ ಅರ್ಧದಷ್ಟು ಮಾತ್ರ ಗಳಿಸಿದ್ದು. ಒಂಟಿ ನಟ್ಟಿನದಂತೂ, ರಸ್ತೆಯ ಮೇಲಿನ ಮಟ್ಟಿಗೆ, ಬಹುಪಾಲು ಎರವಲು. ನ್ಯಾಯ ಸಿಗದೆ ಉಳಿದಿರುವುದು ನಾಲ್ಕು.

ಐದರ ವಕೀಲರ ಬಳಿ ಸಾಕ್ಷಿಗಳಿಗೇನೂ ಬರವಿಲ್ಲ. ಬಿಎಂಡಬ್ಲ್ಯು ತನ್ನ ಇ30 ಪೀಳಿಗೆಯ 3 ಸರಣಿಗೆ ನಾಲ್ಕು ಬೋಲ್ಟುಗಳನ್ನು 100 ಮಿ.ಮೀ. ವೃತ್ತದಲ್ಲಿ ಕೊಟ್ಟಿತ್ತು, ಅದೇ ಕಾರಿನ ಎಂ3 ಮಾದರಿಗೆ 120 ಮಿ.ಮೀ. ವೃತ್ತದಲ್ಲಿ ಐದು. ಮೂರನೆಯ ಪೀಳಿಗೆಯ ಗಾಲ್ಫ್ ಕಾರಿಗೆ ವೋಕ್ಸ್‌ವ್ಯಾಗನ್ ವಿಆರ್6 ಎಂಜಿನ್ ಕೂರಿಸಿದಾಗ ನಾಲ್ಕು ಐದಾಯಿತು. ಹೋಂಡಾದ ಇಂಟೆಗ್ರಾ ಟೈಪ್ ಆರ್ 1995ರಲ್ಲಿ ಜಪಾನಿನಲ್ಲಿ ನಾಲ್ಕು ನಟ್ಟಿನೊಂದಿಗೆ ಹೊರಬಂದು, 1998ರ ಪರಿಷ್ಕರಣೆಯಲ್ಲಿ ಐದಕ್ಕೆ ಏರಿತು. ಲ್ಯಾನ್ಸಿಯ ಡೆಲ್ಟಾ ಇಂಟೆಗ್ರಾಲೆಯ ರಸ್ತೆ ಮಾದರಿ 1991ರ ಎವೊಲ್ಯೂಷನೆಯಲ್ಲಿ 4×98 (ನಾಲ್ಕು ಬೋಲ್ಟ್, 98 ಮಿ.ಮೀ. ವೃತ್ತ) ಬಿಟ್ಟು 5×98 ಹಿಡಿಯಿತು. ಹೀಗೆ ಪ್ರತಿ ಕಂಪನಿಯೂ ತನ್ನ ಮಾಮೂಲಿ ಕಾರನ್ನು ಉಗ್ರರೂಪಕ್ಕೆ ತರುವಾಗ ಒಂದು ಬೋಲ್ಟ್ ಹೆಚ್ಚಿಸಿತು ಎಂದಮೇಲೆ ಇನ್ನೇನು ವಾದ, ಎನ್ನುತ್ತಾರೆ ಅವರು.

ಅಡ್ಡಪ್ರಶ್ನೆಗೆ ಬೇರೆ ಎಲ್ಲಿಗೂ ಹೋಗಬೇಕಿಲ್ಲ, ಫೋರ್ಡ್ ಮನೆಯಲ್ಲೇ ಸಾಕ್ಷಿ ಇದೆ. 1979ರಿಂದ 1993ರವರೆಗಿನ ಮಸ್ಟಾಂಗ್ ಪೀಳಿಗೆಯಲ್ಲಿ ವಿ8 ಎಂಜಿನ್ನಿನ ಜಿಟಿಗೂ ನಾಲ್ಕೇ ನಟ್. ಅದೇ ಪೀಳಿಗೆಯಲ್ಲಿ 1984ರಲ್ಲಿ ಬಂದ ಎಸ್‌ವಿಒ ಎಂಬ ಮಾದರಿಗೆ ಐದು – ಅದರ ಎಂಜಿನ್ನೋ, ಟರ್ಬೊ ಹಾಕಿದ ನಾಲ್ಕು ಸಿಲಿಂಡರಿನದು! 1964ರ ಸೂತ್ರ ಇಲ್ಲಿ ತಲೆಕೆಳಗಾಗಿದೆ. ಯೂರೋಪಿನಲ್ಲಿ ಇದೇ ಫೋರ್ಡ್ 1987ರ ಸಿಯೆರಾ ಆರ್‌ಎಸ್500 ಕಾಸ್‌ವರ್ತ್ ಎಂಬ, ಐನೂರೇ ತಯಾರಾದ, 224 ಅಶ್ವಶಕ್ತಿಯ ಕಾರನ್ನು 4×108ರ ಮೇಲೆ ನಿಲ್ಲಿಸಿತು. 1992ರ ಎಸ್ಕಾರ್ಟ್ ಆರ್‌ಎಸ್ ಕಾಸ್‌ವರ್ತ್ ಬಂದಾಗಲೂ ಹೋಲು ನಾಲ್ಕೇ. ಇವೆರಡನ್ನು ಅಗ್ಗದ ಕಾರೆಂದು ಕರೆಯುವ ಧೈರ್ಯ ಇಂದಿನ ಹರಾಜುಕಟ್ಟೆಯಲ್ಲಿ ಯಾರಿಗೂ ಇರಲಾರದು. ಇನ್ನೊಂದು ತುದಿಯಲ್ಲಿ ಡಾಜ್ ವೈಪರ್ ಇದೆ, ಅದಕ್ಕೆ 114.3 ಮಿ.ಮೀ. ವೃತ್ತದಲ್ಲಿ ಆರು. ಎಣಿಕೆಯೇ ಯೋಗ್ಯತೆಯಾಗಿದ್ದರೆ ಎಲ್ಲ ಪೋರ್ಷೆಗಳೂ ವೈಪರಿಗೆ ಕೈಮುಗಿದು ನಿಲ್ಲಬೇಕಿತ್ತು.

ಈ ತಕರಾರು ನಿಜವಾಗಿ ತೀರ್ಮಾನವಾಗುವುದು ಮಜ್ದಾ ಎಂಎಕ್ಸ್-5 ಎಂಬ ಪುಟ್ಟ ಕಾರಿನ ಹಬ್ಬಿನ ಮೇಲೆ. ಕಂಪನಿಯೊಂದು ಐದಕ್ಕೆ ಏರಿ, ಕೂತು, ಯೋಚಿಸಿ, ಮತ್ತೆ ನಾಲ್ಕಕ್ಕೆ ಇಳಿದು ಬಂದ ಉದಾಹರಣೆ ಇದು. ಇಂಥದ್ದು ತೀರಾ ಅಪರೂಪ.

1989ರ ಮೊದಲ ಎಂಎಕ್ಸ್-5, ಅದರ ನಂತರದ ಎರಡನೆಯದು, ಎರಡಕ್ಕೂ 4×100. 2005ರಲ್ಲಿ ಬಂದ ಮೂರನೆಯ ಪೀಳಿಗೆಗೆ 5×114.3. ಈ ಐದು ಎಲ್ಲಿಂದ ಬಂತು? ಆ ಪೀಳಿಗೆಯ ತಳಪಾಯ ಮಜ್ದಾದ್ದೇ ಆದ ಆರ್‌ಎಕ್ಸ್-8 ಕಾರಿನ ನಂಟಿನದು. ಆರ್‌ಎಕ್ಸ್-8 ದೊಡ್ಡದು, ಭಾರದ್ದು, ಅದರ ಹಬ್ಬಿಗೂ 5×114.3. ಅಂದರೆ ಚಿಕ್ಕ ಕಾರಿಗೆ ಐದನೆಯ ನಟ್ ಬೇಕಾಗಿತ್ತು ಎಂದು ಯಾರೂ ಅಳೆದು ತೂಗಿ ಕೊಟ್ಟಂತೆ ಕಾಣುವುದಿಲ್ಲ. ಅಣ್ಣನ ಅಂಗಿ ತಮ್ಮನಿಗೆ ಬಂದಂತೆ ಬಂತು. ಅಂದಿನ ಪರೀಕ್ಷಾ ಲೇಖನಗಳ ಕಣ್ಣಿಗೆ ಅದು ಕಾರು ದೊಡ್ಡವನಾದ ಲಕ್ಷಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಂಗಿ ದೊಡ್ಡದಾದರೆ ಹುಡುಗ ಬೆಳೆದ ಎಂದುಕೊಳ್ಳುವುದು ಹಳೆಯ ಚಾಳಿ.

2015ರಲ್ಲಿ ನಾಲ್ಕನೆಯ ಪೀಳಿಗೆ ಬಂತು, ಎನ್‌ಡಿ ಎಂಬ ಗುರುತಿನದು. ಪ್ರತಿ ಗ್ರಾಂಗೂ ಲೆಕ್ಕ ಕೇಳಿ ಕಟ್ಟಿದ ಕಾರು. ಜಪಾನಿನ ಮೂಲ ಮಾದರಿಯ ತೂಕ 990 ಕೆ.ಜಿ. ಚಕ್ರಕ್ಕೆ ನಾಲ್ಕು ನಟ್, ವೃತ್ತ ಮತ್ತೆ 100 ಮಿ.ಮೀ., ನಡುವಿನ ರಂಧ್ರ 54.1 ಮಿ.ಮೀ. ಒಂದು ನಟ್ಟಿನ ತೂಕ ಎಷ್ಟು ಮಹಾ ಎಂದು ಮೂಗು ಮುರಿಯುವವರು ಹಬ್ಬನ್ನು ಸರಿಯಾಗಿ ನೋಡಿಲ್ಲ. ಉಳಿದದ್ದು ಬರೀ ನಾಲ್ಕು ನಟ್ಟು, ನಾಲ್ಕು ಸ್ಟಡ್ಡು ಅಲ್ಲ. ಬೋಲ್ಟ್ ವೃತ್ತ 114.3ರಿಂದ 100ಕ್ಕೆ ಕುಗ್ಗಿದರೆ ಹಬ್ಬಿನ ತಟ್ಟೆಯೇ ಕುಗ್ಗುತ್ತದೆ. ಅದಕ್ಕೆ ಕೂರುವ ಬ್ರೇಕ್ ಡಿಸ್ಕಿನ ನಡುಭಾಗ ಕುಗ್ಗುತ್ತದೆ. ಅಲಾಯ್ ಚಕ್ರದ ನಡುವಿನ ದಪ್ಪ ಗಡ್ಡೆ ಕರಗುತ್ತದೆ. ಇಷ್ಟೂ ನಾಲ್ಕರಿಂದ ಗುಣಿಸಿದ ಲೆಕ್ಕ. ಜೊತೆಗೆ ಇದೆಲ್ಲ ಸ್ಪ್ರಿಂಗಿನ ಕೆಳಗಿನ ಭಾರ, ಅಂದರೆ ಗುಂಡಿಗೆ ಇಳಿದು ಏಳುವಾಗ ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸಬೇಕಾದ ಭಾರ. ಇಲ್ಲಿ ಉಳಿಸಿದ ಗ್ರಾಮಿಗೆ ಸೀಟಿನಲ್ಲಿ ಉಳಿಸಿದ ಗ್ರಾಮಿಗಿಂತ ಬೆಲೆ ಹೆಚ್ಚು.

ಸರಿ, ತೂಕ ಉಳಿಯಿತು, ಚಕ್ರ ಉಳಿಯುತ್ತದೆಯೇ? ಲೆಕ್ಕ ಹಾಕಿಯೇ ನೋಡಬಹುದು, ಕಚ್ಚಾ ಲೆಕ್ಕವಾದರೂ. 12 ಮಿ.ಮೀ. ದಪ್ಪದ ಸ್ಟಡ್ಡಿಗೆ 110 ನ್ಯೂಟನ್-ಮೀಟರ್ ಬಿಗಿದರೆ, ಕಾರ್ಖಾನೆಗಳಲ್ಲಿ ಬಳಸುವ ಸಾಮಾನ್ಯ ಸೂತ್ರದ ಪ್ರಕಾರ, ಅದು ಸುಮಾರು 46 ಕಿಲೋನ್ಯೂಟನ್ ಬಲದಿಂದ ಚಕ್ರವನ್ನು ಹಬ್ಬಿಗೆ ಒತ್ತುತ್ತದೆ. ನಾಲ್ಕೂ ಸೇರಿದರೆ 183, ಅಂದರೆ ಹದಿನೆಂಟು ಟನ್ನಿಗೂ ಮಿಕ್ಕ ಭಾರ ಹೇರಿದಷ್ಟು. ಘರ್ಷಣೆಯನ್ನು ಜಿಪುಣತನದಿಂದ 0.15 ಎಂದೇ ಹಿಡಿದರೂ ಚಕ್ರ ಹಬ್ಬಿನ ಮೇಲೆ ಜಾರಬೇಕಾದರೆ 27 ಕಿಲೋನ್ಯೂಟನ್ ಬೇಕು. ಇನ್ನು ಬ್ರೇಕಿನ ಕಡೆ ನೋಡೋಣ. ಚಾಲಕನೂ ಸೇರಿ 1100 ಕೆ.ಜಿ., ಗುರುತ್ವಕ್ಕೆ ಸಮನಾದ ಕಟುವಾದ ಬ್ರೇಕ್, ಅದರ ನೂರಕ್ಕೆ ಎಪ್ಪತ್ತು ಭಾಗ ಮುಂದಿನ ಚಕ್ರಗಳ ಮೇಲೆ, ಟೈರಿನ ತ್ರಿಜ್ಯ 30 ಸೆಂ.ಮೀ. – ಒಂದು ಮುಂಚಕ್ರದ ಬೋಲ್ಟ್ ವೃತ್ತದ ಮೇಲೆ ಬೀಳುವುದು ಸುಮಾರು 23 ಕಿಲೋನ್ಯೂಟನ್. ಜಿಪುಣ ಲೆಕ್ಕದಲ್ಲೂ ನಾಲ್ಕು ಪಾಸಾಗುತ್ತದೆ.

ಇದೇ ಲೆಕ್ಕಕ್ಕೆ 1700 ಕೆ.ಜಿ. ಕಾರನ್ನು, 34 ಸೆಂ.ಮೀ. ತ್ರಿಜ್ಯದ ಟೈರನ್ನು ಹಾಕಿದರೆ ಉತ್ತರ 40ರ ಹತ್ತಿರ ಹೋಗುತ್ತದೆ, ಅಲ್ಲಿ ಅಷ್ಟೇ ದಪ್ಪದ ನಾಲ್ಕು ಸ್ಟಡ್ಡು ಸಾಲವು. ಐದರ ಪಕ್ಷದವರಿಗೆ ಇಷ್ಟು ಬಿಟ್ಟುಕೊಡಲೇಬೇಕು: ಭಾರದ ಕಾರಿಗೆ ಹೆಚ್ಚು ಹಿಡಿತ ಬೇಕು. ಒಂದು ನಟ್ ಸಡಿಲವಾದರೆ ಐದರಲ್ಲಿ ಹೋಗುವುದು ಐದನೆಯ ಒಂದು ಭಾಗ, ನಾಲ್ಕರಲ್ಲಿ ಕಾಲು ಭಾಗ, ಅದೂ ನಿಜ. ಆದರೆ ಹೆಚ್ಚು ಹಿಡಿತಕ್ಕೆ ದಾರಿ ಮೂರಿವೆ. ನಟ್ಟಿನ ಸಂಖ್ಯೆ ಹೆಚ್ಚಿಸಬಹುದು, ಸ್ಟಡ್ ದಪ್ಪ ಮಾಡಬಹುದು, ವೃತ್ತ ಅಗಲಿಸಬಹುದು. ಮಂಡಿಯೂರಿ ಎಣಿಸುವವರಿಗೆ ಕಾಣುವುದು ಮೊದಲನೆಯದು ಮಾತ್ರ.

ದಪ್ಪದ ಮಾತು ತೆಗೆದುಕೊಳ್ಳಿ. ಎಂ12 ಸ್ಟಡ್ಡಿನಲ್ಲಿ ಎಳೆತ ಹೊರುವ ಉಕ್ಕಿನ ಅಡ್ಡಕೊಯ್ತ ಸುಮಾರು 88 ಚದರ ಮಿ.ಮೀ.; ಎಂ14ರಲ್ಲಿ 125. ಐದು ಎಂ12 ಸೇರಿದರೆ 440. ನಾಲ್ಕು ಎಂ14 ಸೇರಿದರೆ 500. ಬಿಗಿಯಲು ಸಿಗುವ ಉಕ್ಕಿನ ಮಟ್ಟಿಗೆ ನಾಲ್ಕು ಐದನ್ನು ಮೀರಿಸಿತು! ಕಾರು ವಿಮರ್ಶೆಯಲ್ಲಿ ಸ್ಟಡ್ಡಿನ ದಪ್ಪವನ್ನು ಬರೆದವರು ಎಷ್ಟು ಜನರಿದ್ದಾರೆ ಎಂದು ಹುಡುಕಿದರೆ ಬೆರಳು ಮಡಚುವ ಪ್ರಸಂಗವೇ ಬರಲಿಕ್ಕಿಲ್ಲ.

ವೃತ್ತದ ಕತೆ ಇನ್ನೂ ತಮಾಷೆಯದು. ಸುಬರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ 2004ರವರೆಗೆ 5×100, 2005ರಿಂದ 5×114.3. ಎಣಿಕೆ ಅಷ್ಟೇ, ಬಲಗೊಂಡದ್ದು ವೃತ್ತ. ಸಂಖ್ಯೆಯನ್ನು ವೃತ್ತದ ತ್ರಿಜ್ಯದಿಂದ ಗುಣಿಸಿ ಒಂದು ಒರಟು ಅಂಕ ಕೊಟ್ಟು ನೋಡಿದರೆ 5×100ಕ್ಕೆ 250 ಬರುತ್ತದೆ, 5×114.3ಕ್ಕೆ 286. ವೋಕ್ಸ್‌ವ್ಯಾಗನ್ ಬೀಟಲ್ ತನ್ನ ಕೊನೆಗಾಲದಲ್ಲಿ ಬಳಸಿದ 4×130ಕ್ಕೆ 260 ಬಂದು, ಹಳೆಯ ಎಸ್‌ಟಿಐಯನ್ನು ಹಿಂದಿಕ್ಕುತ್ತದೆ. ಅದಕ್ಕೂ ಮುಂಚಿನ ಬೀಟಲ್‌ನದ್ದು 5×205 – ಡ್ರಮ್ಮಿನ ಅಂಚಿಗೇ ಬೋಲ್ಟ್ ಹಾಕಿ, ನಡುವೆ ತಟ್ಟೆಯಷ್ಟು ದೊಡ್ಡ ಬಾಯಿ ಬಿಟ್ಟ ಚಕ್ರ. ಅದರ ಅಂಕ 512. ನಿಸ್ಸಾನಿನ ಆರ್35 ಜಿಟಿ-ಆರ್ 5×114.3ರ ಮೇಲೆ ನಿಂತಿದೆ, 286. ಇಪ್ಪತ್ತೈದು ಅಶ್ವಶಕ್ತಿಯಿಂದ ಬಾಳು ಶುರುಮಾಡಿದ ಬೀಟಲ್ ಇಲ್ಲಿ ಜಿಟಿ-ಆರ್‌ಗೆ ಹತ್ತಿರಹತ್ತಿರ ಇಮ್ಮಡಿ ಅಂಕ ಪಡೆದು ಕೂತಿದೆ. ಅಳತೆಗೋಲು ಕೆಟ್ಟದ್ದೆಂದು ಯಾರಾದರೂ ದೂರಿದರೆ ದೂರಲಿ. ಬರೀ ಎಣಿಕೆಗಿಂತ ಇದು ವಾಸಿ, ಇದೇ ಇಷ್ಟು ಕೆಟ್ಟದ್ದಾದರೆ ಬರೀ ಎಣಿಕೆ ಇನ್ನೆಷ್ಟು ಕೆಟ್ಟದ್ದಿರಬೇಕು.

ಎನ್‌ಡಿಯ ಪಕ್ಕ ನಿಲ್ಲಿಸಿ ನೋಡಬೇಕಾದ ಇನ್ನೊಂದು ಕಾರಿದೆ: 2017ರ ಸುಜುಕಿ ಸ್ವಿಫ್ಟ್ ಸ್ಪೋರ್ಟ್. ಭಾರತಕ್ಕೆ ಅದು ಬರಲಿಲ್ಲ. ತೂಕ 970 ಕೆ.ಜಿ., ಎನ್‌ಡಿಗಿಂತಲೂ ಕಡಿಮೆ. 1.4 ಲೀಟರಿನ ಟರ್ಬೊ ಎಂಜಿನ್, 140 ಅಶ್ವಶಕ್ತಿ. ಮಾಮೂಲಿ ಸ್ವಿಫ್ಟಿಗೆ 4×100, ಸ್ಪೋರ್ಟಿಗೆ 5×114.3. ಮಜ್ದಾ ನಾಲ್ಕು ಸಾಕೆಂದ ತೂಕದ ವರ್ಗದಲ್ಲೇ ಸುಜುಕಿ ಐದು ಬೇಕೆಂದಿತು. ಸುಜುಕಿಯ ಪರವಾಗಿ ಒಂದು ಮಾತಿದೆ. ಅದು ಮುಂಚಕ್ರಗಳಿಂದ ಎಳೆಯುವ ಕಾರು. ಎಳೆತ, ತಿರುವು, ಬ್ರೇಕಿನ ಸಿಂಹಪಾಲು ಮೂರೂ ಮುಂದಿನ ಎರಡು ಹಬ್ಬುಗಳ ತಲೆಗೆ. ಒಪ್ಪೋಣ. ಆದರೆ ಮಜ್ದಾ 2018ರಲ್ಲಿ ಎನ್‌ಡಿಯ ಎರಡು ಲೀಟರ್ ಎಂಜಿನ್ನಿನ ಶಕ್ತಿಯನ್ನು 184 ಅಶ್ವಶಕ್ತಿಗೆ ಏರಿಸಿದಾಗಲೂ ಹಬ್ಬನ್ನು ಮುಟ್ಟಲಿಲ್ಲ. ಚಕ್ರವನ್ನು ಹಬ್ಬಿನ ಮೇಲೆ ಜಾರಿಸಲು ಹವಣಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಬ್ರೇಕು ಎಂಬುದು ಅಲ್ಲಿನವರಿಗೆ ಗೊತ್ತಿತ್ತು. ಸ್ವಿಫ್ಟ್ ಸ್ಪೋರ್ಟಿನ ಐದನೆಯ ನಟ್ಟಿನಲ್ಲಿ ಎಂಜಿನಿಯರಿಂಗ್ ಎಷ್ಟಿದೆಯೋ ಅಷ್ಟೇ ಮಸ್ಟಾಂಗಿನ ನೆನಪೂ ಇದೆ ಎಂದು ಅನುಮಾನಿಸಲು ಅಡ್ಡಿಯಿಲ್ಲ.

ಈ ಹಂತದಲ್ಲಿ ಇನ್ನೊಂದು ಪಂಥದವರು ಎದ್ದು ನಿಲ್ಲುತ್ತಾರೆ. ಬೋಲ್ಟುಗಳ ಮಾತೇ ವ್ಯರ್ಥ, ಕಾರಿನ ಭಾರವನ್ನು ಹೊರುವುದು ಹಬ್ಬಿನ ನಡುವಿನ ಉಬ್ಬು, ಚಕ್ರದ ನಡುರಂಧ್ರ ಅದಕ್ಕೆ ಕಚ್ಚಿ ಕೂತರೆ ಮುಗಿಯಿತು ಎಂಬುದು ಅವರ ಮತ. ಇವರಿಗೆ ಎದುರಾಳಿಗಳು ನಟ್‌ಪಂಥದವರು: ಶಂಕುವಿನಾಕಾರದ ನಟ್ ತಾನೇ ಚಕ್ರವನ್ನು ನಡುವಿಗೆ ತರುತ್ತದೆ, ಹೊಕ್ಕುಳ ರಿಂಗು ಗಿಂಗು ವ್ಯಾಪಾರಿಗಳ ಹುನ್ನಾರ ಎನ್ನುವವರು. ದ್ವೈತ-ಅದ್ವೈತ ವಾದವೂ ಇಷ್ಟು ಹುರುಪಿನಿಂದ ನಡೆದಿರಲಾರದು. ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ – ಭಾರ ಯಾವುದೋ ಒಂದು ಮೊಳೆಗೆ ನೇತುಬಿದ್ದಿದೆ ಎಂದು ನಂಬುತ್ತಾರೆ. ಸ್ಟಡ್ಡುಗಳು ಅಂಗಿ ನೇತುಹಾಕುವ ಗೂಟಗಳಲ್ಲ. ಅವುಗಳ ಕೆಲಸ ಎರಡು ಸಮತಟ್ಟು ಮುಖಗಳನ್ನು ಗಟ್ಟಿಯಾಗಿ ಅಪ್ಪಿಸುವುದು. ಭಾರ ದಾಟಿಹೋಗುವುದು ಆ ಅಪ್ಪುಗೆಯ ಘರ್ಷಣೆಯಲ್ಲಿ. ನಡುವಿನ ಉಬ್ಬಿಗೂ ರಂಧ್ರಕ್ಕೂ ಕೂದಲೆಳೆಯ ಅಂತರವಿರಲೇಬೇಕು, ಇಲ್ಲದಿದ್ದರೆ ಚಕ್ರ ಒಳಗೆ ಹೋಗುವುದೇ ಇಲ್ಲ. ಅಂತರ ಇರುವ ಕಡೆ ಭಾರ ಹೇಗೆ ಕೂರುತ್ತದೆ? ಉಬ್ಬು ಮಾಡುವುದು ಬಿಗಿಯುವ ತನಕ ಚಕ್ರವನ್ನು ನೆಟ್ಟಗೆ ಹಿಡಿದುಕೊಳ್ಳುವ ಕೆಲಸ. ಬೇರೆ ಕಾರಿನ ಚಕ್ರ ಹಾಕುವವರು ನಡುವೆ ತೂರಿಸುವ ಪ್ಲಾಸ್ಟಿಕ್ ರಿಂಗ್ ಅಷ್ಟಕ್ಕೆ ಸಾಕಾಗುತ್ತದೆ ಎಂಬುದೇ, ಅದು ಭಾರ ಹೊರುತ್ತಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗೆಂದು ಉಬ್ಬನ್ನು ಕಡೆಗಣಿಸುವ ನಟ್‌ಪಂಥವೂ ಗೆದ್ದಿಲ್ಲ. ಹಳೆಯ ಕಾರ್ವೆಟ್‌ಗಳ ವೃತ್ತ ನಾಲ್ಕೂಮುಕ್ಕಾಲು ಇಂಚು, ಅಂದರೆ 120.65 ಮಿ.ಮೀ.; ಬಿಎಂಡಬ್ಲ್ಯು ವೃತ್ತ 120. ಮುಕ್ಕಾಲು ಮಿಲಿಮೀಟರೂ ಇಲ್ಲದ ಈ ವ್ಯತ್ಯಾಸವನ್ನು ನಟ್ ನುಂಗಿಕೊಳ್ಳುತ್ತದೆ ಎಂದು ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಿಕೊಂಡು ಓಡಾಡುವವರಿದ್ದಾರೆ. ನಟ್ ನುಂಗುತ್ತದೆ, ಓರೆಯಾಗಿ. ಶಂಕುವಿನ ಒಂದು ಕೆನ್ನೆ ಮಾತ್ರ ಚಕ್ರಕ್ಕೆ ತಾಗಿ, ಟಾರ್ಕ್ ಸ್ಪ್ಯಾನರ್ ‘ಟಕ್’ ಎಂದು ಸರಿಯೆನ್ನುತ್ತದೆ, ಆದರೆ ಅಪ್ಪುಗೆ ಅರೆಬರೆ. ಕಾರ್ವೆಟ್ ತಾನೇ 2020ರ ಎಂಟನೆಯ ಪೀಳಿಗೆಯಲ್ಲಿ ಇಂಚಿಗೆ ಕೈಮುಗಿದು 5×120 ಹಿಡಿಯಿತು. ಬಿಎಂಡಬ್ಲ್ಯು ಅಷ್ಟರಲ್ಲಿ 120 ಬಿಟ್ಟು 112ಕ್ಕೆ ಹೋಗಿತ್ತು.

ಇನ್ನು ಒಂಟಿ ನಟ್ಟಿನ ಹಮ್ಮಿನ ಕಡೆಗೆ. ಎತ್ತಿನ ಬಂಡಿಯ ಕಡೆಗೀಲು ಕಂಡವರಿಗೆ ಇದು ಹೊಸತಲ್ಲ: ಗಾಲಿ ಅಚ್ಚಿನಿಂದ ಕಳಚದಂತೆ ನಡುವಿನಲ್ಲಿ ಒಂದೇ ಕೀಲು. ಕಾರುಗಳಲ್ಲಿ ರಡ್ಜ್-ವಿಟ್‌ವರ್ತ್ ಎಂಬ ಇಂಗ್ಲಿಷ್ ಕಂಪನಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಕಡ್ಡಿಚಕ್ರಗಳಿಗೆ ಇಂಥ ಹಬ್ ಕೊಟ್ಟಿತ್ತು. ಆಮೇಲೆ ಜಾಗ್ವಾರ್ ಇ-ಟೈಪ್‌ನಂಥ ಕಾರುಗಳಲ್ಲಿ ನಟ್ಟಿಗೆ ಎರಡು ಕಿವಿ ಮೂಡಿ, ಮೆತ್ತನೆ ಲೋಹದ ಸುತ್ತಿಗೆಯಿಂದ ಕಿವಿಗೆ ಬಡಿದು ಬಿಚ್ಚುವ ಪದ್ಧತಿ ಬಂತು. ಹೊರಚಾಚಿದ ಆ ಕಿವಿಗಳು ದಾರಿಹೋಕರಿಗೆ ಅಪಾಯವೆಂದು ಅಮೆರಿಕ 1968ರಿಂದ ಅವನ್ನು ನಿಷೇಧಿಸಿತು. ಫೆರಾರಿ ಎಫ್40, ಮೆಕ್‌ಲಾರೆನ್ ಎಫ್1 ಒಂಟಿ ನಟ್ಟನ್ನು ಇಟ್ಟುಕೊಂಡವು. ಪೋರ್ಷೆಯ ಕರೇರಾ ಜಿಟಿಯಲ್ಲಿ ಎಡಗಡೆಯ ನಟ್ಟಿಗೆ ಕೆಂಪು, ಬಲಗಡೆಯದಕ್ಕೆ ನೀಲಿ ಬಣ್ಣ. ಚೆಂದವಿತ್ತು, ಅದನ್ನು ಅಲ್ಲಗಳೆಯುವುದು ಕುರುಡುತನ.

ರೇಸಿನಲ್ಲಿ ಒಂಟಿ ನಟ್ಟಿಗೆ ಸಮರ್ಥನೆ ಬೇಕಿಲ್ಲ. 2023ರಲ್ಲಿ ಕತಾರಿನ ಫಾರ್ಮುಲಾ 1 ರೇಸಿನಲ್ಲಿ ಮೆಕ್‌ಲಾರೆನ್ ತಂಡ ಲ್ಯಾಂಡೊ ನಾರಿಸ್ ಕಾರಿನ ನಾಲ್ಕೂ ಚಕ್ರಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತು. ಐದು ನಟ್ಟಿನಿಂದ ಇದು ಸಾಧ್ಯವಿಲ್ಲ. ಆದರೆ ಒಂದೇ ಕೀಲನ್ನು ನಂಬುವುದಕ್ಕೂ ಬೆಲೆಯಿದೆ. 2021ರ ಮೊನಾಕೊ ರೇಸಿನಲ್ಲಿ ಚಾಲಕ ವಾಲ್ಟೆರಿ ಬೊಟಾಸ್ ಎರಡನೆಯ ಸ್ಥಾನದಲ್ಲಿದ್ದಾಗ ಟೈರ್ ಬದಲಿಸಲು ನಿಲ್ಲಿಸಿದರು. ನಟ್ ಬಿಚ್ಚುವ ಗನ್ ಓರೆಯಾಗಿ ಕೂತು ನಟ್ಟಿನ ಹಲ್ಲುಗಳನ್ನು ತರಿದುಹಾಕಿತು. ಚಕ್ರ ಬಿಚ್ಚಲು ಬರಲೇ ಇಲ್ಲ. ಕಾರನ್ನು ಇಂಗ್ಲೆಂಡಿನ ಕಾರ್ಖಾನೆಗೆ ಸಾಗಿಸಿ, ಎರಡು ದಿನ ಕಳೆದ ಮೇಲೆ ಬಿಡಿಸಬೇಕಾಯಿತು. 2018ರ ಮೆಲ್ಬರ್ನಿನಲ್ಲಿ ಹಾಸ್ ತಂಡದ ಎರಡೂ ಕಾರುಗಳು ಸರಿಯಾಗಿ ಬಿಗಿಯದ ಚಕ್ರಗಳಿಂದಾಗಿ ಒಂದರ ಹಿಂದೆ ಒಂದು ನಿಂತುಹೋದವು. ಅಮೆರಿಕದ ನಾಸ್ಕಾರ್ ಕಪ್ ರೇಸ್ ಸರಣಿ ದಶಕಗಳ ಕಾಲ ಐದು ನಟ್ಟಿನಲ್ಲೇ ಓಡಿ, 2022ರಲ್ಲಿ ಒಂದಕ್ಕೆ ಬದಲಾಯಿತು. ಆ ವರ್ಷ ಚಕ್ರ ಕಳಚಿಕೊಂಡ ತಂಡಗಳ ಮುಖ್ಯಸ್ಥರು ನಾಲ್ಕು ನಾಲ್ಕು ಪಂದ್ಯ ಮನೆಯಲ್ಲಿ ಕೂರಬೇಕಾಯಿತು.

ರಸ್ತೆಯ ಕಾರಿಗೆ ಪಿಟ್ ಇಲ್ಲ. 1.80 ಸೆಕೆಂಡಿನ ಅವಸರವೂ ಇಲ್ಲ. ಉಳಿಯುವುದು ತೊಂದರೆ ಮಾತ್ರ. ಪೋರ್ಷೆ 911 ಜಿಟಿ3 1999ರಲ್ಲಿ ಐದು ಬೋಲ್ಟಿನ ಕಾರಾಗಿಯೇ ಹುಟ್ಟಿತು. ಆ ವರ್ಷವೇ ಚಾಲಕ ವಾಲ್ಟರ್ ರೋರ್ಲ್ ಅದನ್ನು ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಸುತ್ತ ಎಂಟು ನಿಮಿಷದೊಳಗೆ ಓಡಿಸಿದರು. ಬೋಲ್ಟುಗಳ ಬಗ್ಗೆ ಅವರಿಂದ ದೂರು ಬಂದಂತೆ ಕಾಣೆ. 2009ರ ಪರಿಷ್ಕರಣೆಯಲ್ಲಿ ಜಿಟಿ3ಗೆ ಒಂಟಿ ನಟ್ ಬಂತು. ಅದನ್ನು ಬಿಗಿಯಲು ಬೇಕಾದದ್ದು 600 ನ್ಯೂಟನ್-ಮೀಟರ್ – ಮಾಮೂಲಿ ನಟ್ಟಿನ ಐದಾರು ಪಟ್ಟು. ಗಂಡಾಳುದ್ದದ ಟಾರ್ಕ್ ಸ್ಪ್ಯಾನರ್ ಬೇಕು, ಬಿಗಿಯುವಾಗ ಇನ್ನೊಬ್ಬ ಕಾರಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ಒಮ್ಮೆ ಬಿಗಿದು, ಕಾಲು ಸುತ್ತು ಸಡಿಲಿಸಿ, ಮತ್ತೆ ಪೂರ್ತಿ ಬಿಗಿಯಬೇಕು. ಹೆದ್ದಾರಿಯ ಪಂಕ್ಚರ್ ಅಂಗಡಿಯವನ ಮುಂದೆ ಈ ಪೂಜಾವಿಧಿಯನ್ನು ವಿವರಿಸುವ ಮಾಲೀಕನ ಮುಖ ಊಹಿಸಿಕೊಳ್ಳಬಹುದು.

ಒಂಟಿ ನಟ್ಟೇ ಶ್ರೇಷ್ಠವೆನ್ನುವವರು ಉತ್ತರಿಸಬೇಕಾದ ಸರಳ ಪ್ರಶ್ನೆ ಪೋರ್ಷೆಯ ಸ್ವಂತ ಬೆಲೆಪಟ್ಟಿಯಲ್ಲೇ ಇದೆ. 2015ರ ಕೇಮನ್ ಜಿಟಿ4, ರೇಸ್ ಟ್ರ್ಯಾಕಿಗೆಂದೇ ಕಟ್ಟಿದ ಕಾರು, ಐದು ಬೋಲ್ಟಿನದು. ಅದೇ ಕಾಲದ 911 ಕರೇರಾ ಜಿಟಿಎಸ್, ಮೇಲ್ಛಾವಣಿ ಬಿಚ್ಚಿಕೊಂಡು ಸಮುದ್ರದಂಡೆಯಲ್ಲಿ ತೇಲುವ ಕ್ಯಾಬ್ರಿಯೊಲೆ ರೂಪದಲ್ಲೂ ಸಿಗುತ್ತಿದ್ದ ಕಾರು, ಒಂಟಿ ನಟ್ಟಿನದು. ಟ್ರ್ಯಾಕಿನ ಅಗತ್ಯವೇ ಆಯ್ಕೆಯ ಆಧಾರವಾಗಿದ್ದರೆ ಇವು ಅದಲುಬದಲಾಗಿರಬೇಕಿತ್ತು. ಇಲ್ಲಿ ಒಂಟಿ ನಟ್ ಮೂಗುತಿಯ ಕೆಲಸ ಮಾಡುತ್ತಿದೆ. ಮೂಗುತಿಗೆ ಯಾರ ಆಕ್ಷೇಪವೂ ಇಲ್ಲ. ಅದನ್ನು ಉಸಿರಾಟದ ಸಲಕರಣೆ ಎಂದು ವರ್ಣಿಸುವ ವಿಮರ್ಶೆಯ ಮೇಲೆ ಆಕ್ಷೇಪ. 2023ರ ಕಾರ್ವೆಟ್ ಜೀ06 ಕಾರಿಗೆ 670 ಅಶ್ವಶಕ್ತಿ, ಐದೇ ನಟ್.

ಸಂಖ್ಯೆಗಳಿಗೆ ಅಂಟಿಸಿದ ಕುಲಗೌರವ ಎಷ್ಟು ಟೊಳ್ಳೆಂದು ನೋಡಲು ಬೆಂಗಳೂರಿನ ಜೆ.ಸಿ. ರಸ್ತೆಯೂ ಸಾಕು. ಅಲಾಯ್ ಅಂಗಡಿಗೆ ಕಾಲಿಟ್ಟೊಡನೆ ಎದುರಾಗುವ ಪ್ರಶ್ನೆ ‘ಎಷ್ಟು ಹೋಲು, ಪಿಸಿಡಿ ಎಷ್ಟು’ – ಪಿಸಿಡಿ ಎಂದರೆ ಬೋಲ್ಟ್ ವೃತ್ತದ ವ್ಯಾಸ. ಫೆರಾರಿ 458 ಇಟಾಲಿಯಾಕ್ಕೂ ಟೊಯೊಟಾ ಇನ್ನೋವಾ ಕ್ರಿಸ್ಟಾಕ್ಕೂ ಉತ್ತರ ಒಂದೇ, 5×114.3. ಲ್ಯಾಂಬೊರ್ಗಿನಿ ಹುರಕಾನಿಗೂ ಸ್ಕೋಡಾ ಆಕ್ಟೇವಿಯಾಕ್ಕೂ 5×112. ಪಿಸಿಡಿ ಗೊತ್ತಿಲ್ಲದ ಐದು ಹೋಲಿನ ಚಕ್ರ ಬಂದರೆ ಅಳೆಯುವುದೂ ಸ್ವಲ್ಪ ರಗಳೆ: ನಾಲ್ಕಾದರೆ ಎದುರುಬದುರು ಟೇಪ್ ಹಿಡಿದರಾಯಿತು, ಐದರಲ್ಲಿ ಯಾವ ಹೋಲಿಗೂ ಎದುರು ಹೋಲಿಲ್ಲ. ಅಕ್ಕಪಕ್ಕದ ಎರಡರ ನಡುವಿನ ದೂರ ಹಿಡಿದು 0.588ರಿಂದ ಭಾಗಿಸಬೇಕು.

ಅದೇ ಬೀದಿಯಲ್ಲಿ ದಿನವಿಡೀ ಬಂದು ಹೋಗುವ ಮಾರುತಿ ಸ್ವಿಫ್ಟ್‌ಗಳ ಅಳತೆ 4×100, ನಡುರಂಧ್ರ 54.1 ಮಿ.ಮೀ. ಎನ್‌ಡಿ ಎಂಎಕ್ಸ್-5ರದ್ದು ಇದೇ, ಕೊನೆಯ ದಶಾಂಶದವರೆಗೆ. ಮಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲವಾದ್ದರಿಂದ ಈ ನಂಟು ಅಲ್ಲಿ ಯಾರಿಗೂ ಉಪಯೋಗಕ್ಕೆ ಬಂದಿಲ್ಲ. ಸ್ವಿಫ್ಟ್ ಮಾಲೀಕರಿಗಾಗಿ ಗೋಡೆಗೆ ಸಾಲಾಗಿ ನೇತುಹಾಕಿರುವ ಚಕ್ರಗಳಲ್ಲಿ ಎಂಟು ಹೋಲಿನವು ಬೇಕಾದಷ್ಟಿವೆ. ಒಂದೇ ಅಚ್ಚನ್ನು ಎರಡು ಪಿಸಿಡಿಯ ಕಾರುಗಳಿಗೆ ಮಾರಲು ಕಾರ್ಖಾನೆಯವರು ಎರಡು ಜೊತೆ ಕೊರೆದು ಕಳಿಸುತ್ತಾರೆ. ಕಾರಿಗೆ ಹತ್ತಿಸಿದ ಮೇಲೆ ನಾಲ್ಕರಲ್ಲಿ ನಟ್ ಕೂರುತ್ತದೆ. ಉಳಿದ ನಾಲ್ಕರಲ್ಲಿ ಮಳೆಗಾಲದ ಕೆಸರು.